ನಾಯಿ ಬಿದ್ದ ಜಾಗಗಳ ನಕಾಶೆ

ನನ್ನ ಕಪಾಟಿನಲ್ಲಿ ಒಂದು ನಕಾಶೆ ಇದೆ. ರೋಣದ ನಮ್ಮ ಮನೆ, ಮುಂದಿನ ಓಣಿ, ಪಕ್ಕದ ಗಾದಿ ಮಾಡುವವನ ಅಂಗಡಿ, ಇಷ್ಟನ್ನೂ ಒಂದು ಅಂಗುಲಕ್ಕೆ ನಾಲ್ಕು ಅಡಿಯಂತೆ ಬರೆದು, ನಮ್ಮ ಮುದಿ ನಾಯಿ ಎಲ್ಲೆಲ್ಲಿ ಬಿದ್ದಿತು ಎಂಬುದನ್ನು ಕೆಂಪು ಪೆನ್ಸಿಲಿನ ಕತ್ತರಿ ಗುರುತುಗಳಿಂದ ತೋರಿಸಿದ್ದೇನೆ. ಅದನ್ನು ಬರೆಯಲು ಕುಳಿತಾಗ ನನ್ನ ಉದ್ದೇಶ ಒಂದೇ ಆಗಿತ್ತು. ಗಾದಿ ಮಾಡುವವನು ನಮ್ಮ ನಾಯಿಯನ್ನು ಹೊಡೆದು ಕುಂಟು ಮಾಡಿದ್ದಾನೆ ಎಂದು ಓಣಿಯ ಹಿರಿಯರ ಮುಂದೆ ಸಾಬೀತು ಮಾಡಬೇಕಾಗಿತ್ತು. ಮೂವತ್ತನಾಲ್ಕು ವರ್ಷ ಮೋಜಣಿ ಇಲಾಖೆಯಲ್ಲಿ ಹೊಲ ಅಳೆದವನಿಗೆ ಮಾತಿಗಿಂತ ರೇಖೆಯಲ್ಲಿ ನಂಬಿಕೆ ಹೆಚ್ಚು. ಮಾತು ಕೊಟ್ಟವರು ಅದನ್ನು ತಿರುಗಿಸುವುದನ್ನು ಹೊಲದ ಗಡಿಯ ಬಾಂದಕಲ್ಲುಗಳ ಪಕ್ಕದಲ್ಲೇ ನಿಂತು ಕಂಡಿದ್ದೇನೆ. ಸರಿಯಾಗಿ ಎಳೆದ ರೇಖೆ ತಿರುಗಿದ್ದನ್ನು ಕಂಡಿಲ್ಲ.

ಅವನ ಮೇಲೆ ಸಂಶಯ ಬರಲು ಕಾರಣವಿತ್ತು. ಅವನ ಅಂಗಡಿಗೂ ನಮ್ಮ ಪಡಸಾಲೆಗೂ ನಡುವೆ ಇರುವುದು ಒಂದೇ ಗೋಡೆ. ಹದಿನೆಂಟು ವರ್ಷಗಳ ಹಿಂದೆ ಹಳೆಯ ಮಣ್ಣಿನ ಗೋಡೆ ಕುಸಿದು ಅವನು ಹೊಸದು ಕಟ್ಟಿಸಿದಾಗ, ನಾನು ಪಟ್ಟಿ ಹಿಡಿದು ಅಳೆದೆ. ಹಿತ್ತಲಿನ ತುದಿಯಲ್ಲಿ ಅದು ನಾಲ್ಕು ಬೆರಳು ನಮ್ಮ ಕಡೆಗೆ ಸರಿದಿತ್ತು. ನಾಲ್ಕು ಬೆರಳು ಏನು ಮಹಾ ಎನ್ನುವವರು ಹೊಲದ ಬದುವಿನ ಮೇಲೆ ಎಂದೂ ನಿಂತವರಲ್ಲ. ಅಷ್ಟಕ್ಕೇ ಅಣ್ಣತಮ್ಮಂದಿರು ಮಾತು ಬಿಟ್ಟ ಮನೆಗಳನ್ನು ನಾನು ಬೆರಳು ಮಡಚಿ ಎಣಿಸಬಲ್ಲೆ. ನಾನು ಕೇಳಿದಾಗ ಅವನು ಗೋಡೆ ಸರಿಸಲಿಲ್ಲ, ತಪ್ಪಾಯಿತೆಂದೂ ಹೇಳಲಿಲ್ಲ. ಮರುದಿನ ಬಸ್ ನಿಲ್ದಾಣದ ಎದುರಿನ ಚಹಾದ ಅಂಗಡಿಯಲ್ಲಿ ಏಳು ಜನ ಕುಳಿತಿದ್ದಾಗ, ನನ್ನ ಕಡೆ ನೋಡದೆ ಬಸಿಗೆ ಚಹಾ ಸುರುವಿಕೊಳ್ಳುತ್ತ ಹೇಳಿದ:

"ಸಾಹೇಬ್ರು ಎಲ್ಲಾ ಅಳೀತಾರ್ರಿ. ಮನಷ್ಯಾನ್ನೊಂದ ಬಿಟ್ಟು."

ಏಳು ಜನರೂ ನಕ್ಕರು. ಅವರಲ್ಲಿ ಇಬ್ಬರು ಈಗಿಲ್ಲ. ಉಳಿದ ಐವರು ಯಾವ ಯಾವ ಬಾಕಿನ ಮೇಲೆ ಕುಳಿತಿದ್ದರೆಂಬುದನ್ನು ನಾನು ಇಂದಿಗೂ ತೋರಿಸಬಲ್ಲೆ. ಅಂದಿನಿಂದ ನಾನು ಅವನ ಜೊತೆ ಮಾತಾಡಿರಲಿಲ್ಲ. ಅವನ ಅಂಗಡಿಯಿಂದ ಹತ್ತಿಯ ಎಳೆಗಳು ಹಾರಿ ಬಂದು ನಮ್ಮ ಒಣಹಾಕಿದ ಬಟ್ಟೆಗೆ ಅಂಟಿದಾಗಲೂ ಸುಮ್ಮನೆ ಕಿತ್ತು ಬಿಸಾಡುತ್ತಿದ್ದೆ.

ನಾಯಿ ನಮ್ಮ ಮನೆಗೆ ಬಂದದ್ದು ನನ್ನ ನೌಕರಿಯ ಕೊನೆಯ ವರ್ಷದಲ್ಲಿ. ಮಲಪ್ರಭೆ ಉಕ್ಕಿ ಇಳಿದ ಮೇಲೆ ಬಿದ್ದ ಮನೆಗಳನ್ನು ಅಳೆಯಲು ಹೊಳೆಮಣ್ಣೂರಿಗೆ ಹೋಗಿದ್ದೆ. ಕೆಸರು ಮೆತ್ತಿಕೊಂಡ ಮರಿಯೊಂದು ಅಳತೆ ಪಟ್ಟಿಯ ತುದಿಯನ್ನು ಕಚ್ಚಿ ಹಿಡಿದು, ಮೂರು ಮನೆ ಅಳೆಯುವವರೆಗೂ ಬಿಡಲಿಲ್ಲ. ಸುತ್ತಲಿನವರನ್ನು ಕೇಳಿ, ಯಾರದೂ ಅಲ್ಲವೆಂದು ಖಾತ್ರಿ ಮಾಡಿಕೊಂಡೇ ಅದನ್ನು ಜೀಪಿಗೆ ಹಾಕಿಕೊಂಡೆ. ನಿವೃತ್ತಿಯ ನಂತರದ ಹನ್ನೆರಡು ವರ್ಷ, ಪ್ರತಿ ಬೆಳಿಗ್ಗೆ, ಊರು ದಾಟಿ ಎರೆಹೊಲಗಳ ನಡುವಿನ ಹಳೆಯ ಬಾಂದಕಲ್ಲಿನವರೆಗೆ ನಾವಿಬ್ಬರೂ ಹೋಗಿ ಬಂದೆವು. ಜೋಳ ತೆನೆಗಟ್ಟುವ ಕಾಲದಲ್ಲಿ ಅದರ ಬಾಲದ ತುದಿ ಮಾತ್ರ ಕಾಣುತ್ತಿತ್ತು. ಊರಿನ ಜನ ನನ್ನ ಜೊತೆ ನಡೆಯಲು ಹಿಂಜರಿಯುತ್ತಾರೆ. ನಾನು ಹಳೆಯ ಮಾತು ತೆಗೆಯುತ್ತೇನೆಂಬುದು ಅವರ ದೂರು. ಹಿಂಜರಿಯದೆ ನಡೆದ ಜೀವ ಅದೊಂದೇ.

ಹೋದ ವರ್ಷ ಚಳಿ ಶುರುವಾದಾಗ ಅದು ಬಾಂದಕಲ್ಲಿಗಿಂತ ಬಹಳ ಈಚೆಗೆ ನಿಂತುಬಿಟ್ಟಿತು. ಮುಂದೆ ಕೆಲವು ದಿನಕ್ಕೆ ಹಿಂಗಾಲುಗಳೆರಡನ್ನೂ ಕೂಡಿಸಿ ಮೊಲದಂತೆ ಕುಪ್ಪಳಿಸಿ ಮೆಟ್ಟಿಲು ಹತ್ತತೊಡಗಿತು. ಬೆಳಿಗ್ಗೆ ಏಳುವಾಗ ಮುಂಗಾಲು ಊರಿ, ಹಿಂಭಾಗವನ್ನು ಎಳೆದುಕೊಂಡು, ಮತ್ತೆ ಕುಳಿತುಬಿಡುತ್ತಿತ್ತು. ಕುಳಿತು ನನ್ನ ಮುಖ ನೋಡುತ್ತಿತ್ತು. ಅದು ಎದ್ದು ನಡೆಯದಿದ್ದರೆ ಏನಾಗುತ್ತದೆಂಬುದನ್ನು ನಮ್ಮ ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಇಷ್ಟು ದೊಡ್ಡ ಮೈಯ ನಾಯಿ ನೆಲಹಿಡಿದರೆ ಹುಣ್ಣಾಗುತ್ತದೆ. ಹುಣ್ಣಾದ ಮೇಲೆ ಡಾಕ್ಟರು ಕೊನೆಯದೊಂದು ಸೂಜಿಯ ಮಾತು ಎತ್ತುತ್ತಾರೆ. ನನ್ನ ಹೆಂಡತಿ ಅದನ್ನು ಬೇರೆಯವರ ಮನೆಯಲ್ಲಿ ಕಂಡಿದ್ದಳು.

ಮೊದಲು ಊರಿನ ಪಶುವೈದ್ಯೆಯ ಹತ್ತಿರ ಕರೆದುಕೊಂಡು ಹೋದೆ. ವಯಸ್ಸಿನ್ನೂ ಮೂವತ್ತು ದಾಟದ ಹೆಣ್ಣುಮಗಳು. ನಾಯಿಯ ಸೊಂಟದ ಮೇಲೆ ಅಂಗೈ ಇಟ್ಟು, ಒಂದೊಂದೇ ಹಿಂಗಾಲನ್ನು ಮೆಲ್ಲಗೆ ಹಿಂದಕ್ಕೆ ಚಾಚಿದಳು. ನಾಯಿ ಕೂಗಲಿಲ್ಲ, ತಿರುಗಿ ನೋಡಿ ತುಟಿ ನೆಕ್ಕಿಕೊಂಡಿತು. ತೊಡೆಯ ಮಾಂಸ ಕರಗಿದೆ, ಟೊಂಕದ ಕೀಲುಗಳು ಸವೆದಿವೆ, ವಯಸ್ಸಾದ ದೊಡ್ಡ ನಾಯಿಗಳಿಗೆ ಇದು ಬರುತ್ತದೆ ಎಂದಳು. ನೋಡಿದ್ದು ಹತ್ತು ನಿಮಿಷ. ಹನ್ನೆರಡು ವರ್ಷದ ನಡಿಗೆಯ ಬಗ್ಗೆ ಹತ್ತು ನಿಮಿಷದಲ್ಲಿ ತೀರ್ಮಾನ ಹೇಳುವವರನ್ನು ನಾನು ಸುಲಭಕ್ಕೆ ನಂಬುವುದಿಲ್ಲ. ಗದಗಿಗೆ ಹೋಗಿ ಎಕ್ಸ್‌ರೇ ತೆಗೆಸಲೇ ಎಂದು ಕೇಳಿದೆ. ತೆಗೆಸಬಹುದು, ಆದರೆ ಸದ್ಯ ಕೊಡುವ ಔಷಧ ಅದರಿಂದ ಬದಲಾಗುವುದಿಲ್ಲ ಎಂದಳು. ಬೇಡವೆಂದದ್ದೇ ನನ್ನ ಸಂಶಯಕ್ಕೆ ಇನ್ನೊಂದು ಕಾರಣವಾಯಿತು.

ಆಮೇಲೆ ಅವಳು ಕೇಳಿದ ಪ್ರಶ್ನೆಗಳು ನನಗೆ ವಿಚಿತ್ರವೆನಿಸಿದವು. ನಾಯಿ ಏನು ತಿನ್ನುತ್ತದೆ? ಎರಡು ಹೊತ್ತು ತುಪ್ಪ ಸವರಿದ ರೊಟ್ಟಿ ಎಂದೆ. ತೂಕ ಇಳಿಸಬೇಕು ಎಂದಳು. ನಮ್ಮ ಮನೆಯ ಊಟವನ್ನು ಹೀಗೆ ಯಾರೂ ಹಳಿದಿರಲಿಲ್ಲ. ನಿಮ್ಮ ಮೊಣಕಾಲು ನೋವಿನ ಗುಳಿಗೆಯನ್ನು ಇದಕ್ಕೆ ಕೊಟ್ಟಿದ್ದೀರಾ ಎಂದಳು. ಮನುಷ್ಯರ ಗುಳಿಗೆ ನಾಯಿಯ ಹೊಟ್ಟೆಯನ್ನೂ ಮೂತ್ರಪಿಂಡವನ್ನೂ ಕೆಡಿಸುತ್ತದಂತೆ. ಇಲ್ಲ ಎಂದು ಗಡುಸಾಗಿಯೇ ಹೇಳಿದೆ. ಅದು ನಿಜವಾಗಿತ್ತು. ಹಿಂದಿನ ಸಂಜೆ ಅರ್ಧ ಮುರಿದು ಕಾಗದದಲ್ಲಿ ಸುತ್ತಿಟ್ಟಿದ್ದೆ, ಕೊಟ್ಟಿರಲಿಲ್ಲ. ಇವಳಿಗೆ ಅದು ಹೇಗೆ ತಿಳಿಯಿತೆಂದು ದಾರಿಯುದ್ದಕ್ಕೂ ಯೋಚಿಸಿದೆ. ಕೊನೆಗೆ ಕೇಳಿದಳು:

"ಮನ್ಯಾಗ ನೆಲಾ ಎಂಥಾದ್ರಿ ಅಜ್ಜಾರ?"

ನಾಯಿಯ ಡಾಕ್ಟರಿಗೆ ನನ್ನ ಮನೆಯ ನೆಲದ ಉಸಾಬರಿ ಏಕೆ ಎಂದುಕೊಂಡೆ. ಆದರೂ ಹೇಳಬೇಕಾದದ್ದನ್ನು ಹೇಳಿದೆ. "ಕರೀ ಫರಸಿ. ಮುಖಾ ಕಾಣತೈತಿ."

ಆ ನೆಲದ ಬಗ್ಗೆ ಇಲ್ಲಿ ಹೇಳಲೇಬೇಕು. ನಮ್ಮ ಪಡಸಾಲೆಗೆ ಹಾಸಿದ್ದು ಕಪ್ಪು ಫರಸಿಕಲ್ಲು. ನಮ್ಮ ಕಡೆ ಅಂಥ ಕಲ್ಲನ್ನು ತೊಳೆದು ಸುಮ್ಮನೆ ಬಿಡುವುದಿಲ್ಲ. ಅಮಾವಾಸ್ಯೆಗೊಮ್ಮೆ ಕುಸುಬಿ ಎಣ್ಣೆಯಲ್ಲಿ ಅದ್ದಿದ ಬಟ್ಟೆಯಿಂದ ಉಜ್ಜಿ, ಒಣಬಟ್ಟೆಯಿಂದ ಮತ್ತೆ ತಿಕ್ಕಿದರೆ ಕನ್ನಡಿಯಾಗುತ್ತದೆ. ಈ ಕೆಲಸವನ್ನು ನಾನು ಯಾರಿಗೂ ಬಿಟ್ಟುಕೊಟ್ಟವನಲ್ಲ. ಉಳಿದವರು ಮೂಲೆ ಬಿಡುತ್ತಾರೆ. ವೈದ್ಯೆ ನನ್ನ ಉತ್ತರ ಕೇಳಿ, ಗೋಣಿಚೀಲ ಹಾಸಿರಿ, ಜಾರದಂತೆ ನೋಡಿಕೊಳ್ಳಿರಿ ಎಂದಳು. ಕಾಳು ಮಾರುವ ಅಡತಿ ಅಂಗಡಿಯಂತೆ ಪಡಸಾಲೆಗೆ ಚೀಲ ಹಾಸುವ ಮಾತನ್ನು ನಾನು ಹೆಂಡತಿಗೆ ಹೇಳಲೂ ಇಲ್ಲ. ಅವಳು ಕೊಟ್ಟ ಗುಳಿಗೆಗಳನ್ನು ಐದು ದಿನ ಹಾಕಿ, ಚೀಟಿಯಲ್ಲಿ ಅಡ್ಡಪರಿಣಾಮಗಳ ಸಣ್ಣ ಅಕ್ಷರಗಳನ್ನು ಭೂತಗನ್ನಡಿಯಲ್ಲಿ ಓದಿ, ಉಳಿದವನ್ನು ಕಪಾಟಿನಲ್ಲಿಟ್ಟೆ.

ಮಗಳ ಮನೆ ನರಗುಂದದಲ್ಲಿದೆ. ಅವರದು ಕಾಳುಕಡಿಯ ವ್ಯಾಪಾರ. ಅಲ್ಲಿ ಗುಡ್ಡದ ಬುಡದಲ್ಲಿ ಕುಂಟು ಎತ್ತುಗಳಿಗೆ ಬರೆ ಎಳೆಯುವವನೊಬ್ಬನಿದ್ದಾನೆ, ತೋರಿಸಿ ನೋಡೋಣ ಎಂದು ಬೀಗರು ಫೋನು ಮಾಡಿದರು. ಅವರ ಟೆಂಪೊದಲ್ಲಿ ನಾಯಿಯನ್ನು ಕರೆದೊಯ್ದೆ. ಅವನು ನಾಯಿಯನ್ನು ಒಮ್ಮೆ ಸುತ್ತಿ ನೋಡಿ, ಕುಡಗೋಲಿನ ಆಕಾರದ ಕಬ್ಬಿಣವನ್ನು ಕೆಂಡದಲ್ಲಿಟ್ಟ. ಎರಡು ಬರೆ ಎಳೆದರೆ ಎದ್ದು ಓಡುತ್ತದೆ ಎಂದ. ಹೀಗೆ ಓಡಿದ ನಾಯಿಗಳು ಯಾರ ಯಾರ ಮನೆಯವು, ನಾನು ಹೋಗಿ ನೋಡುತ್ತೇನೆ ಎಂದೆ.

"ಓಡಿದ್ವು ಓಡಿ ಹೋದ್ವರಿ. ವಿಳಾಸ ಎಲ್ಲಿಂದ ತರ್ಲಿ?"

ಕಬ್ಬಿಣ ಕೆಂಪಾಗುವ ಮೊದಲೇ ನಾನು ನಾಯಿಯನ್ನು ಎತ್ತಿಸಿಕೊಂಡು ಹೊರಟೆ. ಬೀಗರಿಗೆ ಬೇಸರವಾಯಿತು. ಅವರು ಅದನ್ನು ಮೂರು ಜನರ ಮುಂದೆ ಆಡಿದರೆಂದು ಆಮೇಲೆ ತಿಳಿಯಿತು. ಆ ಪ್ರಯಾಣದಲ್ಲಿ ಇನ್ನೊಂದು ಸಂಗತಿ ನಡೆಯಿತು. ಬರುವಾಗ ನಾಯಿ ಟೆಂಪೊದ ಹಿಂದೆ ಕಡಲೆಯ ಚೀಲಗಳ ಮೇಲೆ ಮಲಗಿತ್ತು. ರೋಣ ಮುಟ್ಟಿದಾಗ, ಯಾರೂ ಎಬ್ಬಿಸದೆ, ತಾನೇ ಎದ್ದು ನಿಂತಿತು. ನಾನು ಅದನ್ನು ಕಂಡೆ, ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಂಡೆ, ಅರ್ಥ ಮಾಡಿಕೊಳ್ಳಲಿಲ್ಲ.

ನಾನು ನಂಬಿದ್ದು ಮೂರನೆಯವನನ್ನು. ಗಜೇಂದ್ರಗಡದಲ್ಲಿ ಪಶು ದವಾಖಾನೆಯೊಂದರ ನಿವೃತ್ತ ಕಂಪೌಂಡರ್ ಇದ್ದಾನೆ, ನನ್ನ ವಯಸ್ಸಿನವನು, ನೌಕರಿಯ ಕಾಲದ ಪರಿಚಯ. ನಾಯಿಯನ್ನು ಮತ್ತೆ ಅಲುಗಾಡಿಸುವುದು ಬೇಡವೆಂದು ಒಬ್ಬನೇ ಬಸ್ಸಿನಲ್ಲಿ ಹೋಗಿ, ಮೊಬೈಲಿನಲ್ಲಿ ಅದರ ಚಿತ್ರ ತೋರಿಸಿದೆ. ಅವನು ಕನ್ನಡಕ ಏರಿಸಿ ನೋಡಿ, ಯಾರೋ ಹೊಡೆದಿದ್ದಾರೆ ಎಂದ. ನಾನು ಗಾದಿ ಮಾಡುವವನ ವಿಷಯ ಹೇಳಿದೆ. ಅವನು ತಲೆಯಾಡಿಸಿದ. ಅಂಗೈ ಇಟ್ಟು ನೋಡಿದವಳ ಮಾತನ್ನು ನಾನು ಕಪಾಟಿನಲ್ಲಿಟ್ಟಿದ್ದೆ; ಚಿತ್ರ ನೋಡಿದವನ ಮಾತನ್ನು ತಲೆಯಲ್ಲಿಟ್ಟುಕೊಂಡು ಬಂದೆ. ಅವನು ಹೇಳಿದ್ದು ನಾನು ಕೇಳಬೇಕೆಂದು ಹೋಗಿದ್ದ ಮಾತೇ ಆಗಿತ್ತೆಂಬುದು ಆಗ ಹೊಳೆಯಲಿಲ್ಲ.

ಅವನು ಒಂದು ಎಣ್ಣೆಯನ್ನೂ ಹೇಳಿಕೊಟ್ಟ. ಎಳ್ಳೆಣ್ಣೆಗೆ ಬೆಳ್ಳುಳ್ಳಿ, ಅಜವಾನ ಹಾಕಿ ಕಾಯಿಸಿ, ದಿನಾ ಬೆಳಿಗ್ಗೆ ಅರ್ಧ ತಾಸು ತಿಕ್ಕಬೇಕು. "ಟೊಂಕದಿಂದ ಹಿಡದು ಪಾದದ ಮಟಾ ಇಳಸ್ಬೇಕ್ರಿ. ನೋವು ಉಗರಿನಾಗ ಹಾದು ಹೊರಗ ಹೊಕ್ಕೈತಿ."

ನಾನು ಅಂದಿನಿಂದ ಒಂದು ದಿನವನ್ನೂ ತಪ್ಪಿಸಲಿಲ್ಲ. ಬೆಳಗಿನ ಬಿಸಿಲು ಪಡಸಾಲೆಗೆ ಬೀಳುವ ಜಾಗದಲ್ಲಿ ನಾಯಿಯನ್ನು ಮಲಗಿಸಿ, ಗಡಿಯಾರ ನೋಡಿಕೊಂಡು, ಸೊಂಟದಿಂದ ಪಾದದವರೆಗೆ ಎಣ್ಣೆ ಇಳಿಸಿದೆ. ಕಾಲ್ಬೆರಳುಗಳ ಸಂದಿಯನ್ನೂ ಬಿಡಲಿಲ್ಲ. ನಾಯಿ ಸುಮ್ಮನೆ ಮಲಗಿರುತ್ತಿತ್ತು. ತಿಕ್ಕುವುದು ಮುಗಿದೊಡನೆ ಗೋಡೆಯ ಅಂಚು ಹಿಡಿದು ಅಡ್ಡಡ್ಡ ಹೆಜ್ಜೆ ಹಾಕುತ್ತ ಬಾಗಿಲು ದಾಟಿ, ನೇರ ಗಾದಿ ಅಂಗಡಿಗೆ ಹೋಗಿಬಿಡುತ್ತಿತ್ತು. ಎರಡು ತಾಸು ಕಳೆದು ಹಿಂದಿರುಗಿ, ಎಷ್ಟೋ ಸಲ ಪಡಸಾಲೆಯಲ್ಲಿ ನನ್ನ ಕಣ್ಣೆದುರೇ ಕಾಲು ಸೋತು ಬೀಳುತ್ತಿತ್ತು.

ನಾನು ಗೋಡೆಗೆ ಕಿವಿ ಇಟ್ಟೆ. ಆ ಕಡೆಯಿಂದ ಕೋಲಿನ ಸದ್ದು. ದಪ್, ದಪ್, ನಡುವೆ ಬಿಡುವು, ಮತ್ತೆ ದಪ್. ಹಳೆಯ ಗಾದಿಯ ಹತ್ತಿಯನ್ನು ಅವನು ಕೋಲಿನಿಂದ ಬಡಿದು ಸಡಿಲಿಸುತ್ತಾನೆ, ಹದಿನೆಂಟು ವರ್ಷ ಅದೇ ಸದ್ದನ್ನು ಕೇಳಿದ್ದೇನೆ. ಆದರೆ ನಮ್ಮ ನಾಯಿ ಒಳಗಿರುವಾಗ ಕೇಳುವ ಸದ್ದು ಬೇರೆಯಾಗಿಯೇ ಕೇಳುತ್ತದೆ. ಪ್ರತಿ ಬೀಳುವಿಕೆಯ ಹೊತ್ತು, ಜಾಗ, ಹಿಂದಿನ ತಾಸಿನಲ್ಲಿ ಅದು ಎಲ್ಲಿತ್ತು, ಎಲ್ಲವನ್ನೂ ಬರೆದಿಡತೊಡಗಿದೆ. ಎರಡು ತಿಂಗಳಿಗೆ ಇಪ್ಪತ್ತಮೂರು ಸಲ ಬಿದ್ದಿತ್ತು.

ಇಪ್ಪತ್ತಮೂರನೆಯ ಸಲ ಬಿದ್ದ ಮರುದಿನ ನಾನು ಹದಿನೆಂಟು ವರ್ಷದ ಮೌನ ಮುರಿದು ಅವನ ಅಂಗಡಿಯ ಮುಂದೆ ನಿಂತೆ. ಗಿರಾಕಿಗಳಿಬ್ಬರು ಇದ್ದರು, ಇರಲೆಂದೇ ನಿಂತೆ. ನಾಯಿ ಒಳಗೆ ಮೂಲೆಯಲ್ಲಿ, ಹರಿದ ಗಾದಿಯೊಂದರ ಮೇಲೆ ಕಾಲು ಚಾಚಿ ಮಲಗಿತ್ತು. ಮುದಿ ನಾಯಿಯ ಮೇಲೆ ಕೋಲು ಎತ್ತುವುದು ಗೋಡೆ ಸರಿಸಿದಷ್ಟೇ ಸಲೀಸೇನು ಎಂದು ಕೇಳಿದೆ. ಅವನು ಕೋಲನ್ನು ಕೆಳಗಿಡಲಿಲ್ಲ. ಗಡ್ಡದಲ್ಲಿ ಸಿಕ್ಕ ಹತ್ತಿಯ ಎಳೆಗಳನ್ನು ಒರೆಸಿಕೊಂಡ.

"ನಾ ಹೊಡಿಯೂದು ಹತ್ತೀನ್ರೀ, ಸಾಹೇಬ್ರ. ನಾಯಿ ತಾನ ಬರತೈತಿ, ತಾನ ಮಲಗತೈತಿ. ಯಾಕ ಬರತೈತಿ ಅಂತ ಅದನ್ನ ಕೇಳ್ರಿ. ನನ್ನ ಯಾಕ ಕೇಳ್ತೀರಿ?"

ಗಿರಾಕಿಗಳಿಬ್ಬರೂ ನಕ್ಕರು. ಏಳು, ಈಗ ಎರಡು. ಬರುವ ಭಾನುವಾರ ಓಣಿಯ ಹಿರಿಯರ ಮುಂದೆ ಉತ್ತರ ಹೇಳುವೆಯಂತೆ ಎಂದು ಹೇಳಿ, ನಾಯಿಯನ್ನು ಎಬ್ಬಿಸಿ ಕರೆದುಕೊಂಡು ಬಂದು ಪಡಸಾಲೆಯ ಕಂಬಕ್ಕೆ ಕಟ್ಟಿದೆ. ಕಟ್ಟಿದ್ದು ಅದರ ಜೀವಮಾನದಲ್ಲಿ ಮೊದಲ ಸಲ.

ಮೊದಲ ದಿನ ಅದು ನಾಲ್ಕು ಸಲ ಏಳಲು ನೋಡಿತು, ಎರಡು ಸಲ ಎದ್ದಿತು. ಎರಡನೆಯ ದಿನ ಒಮ್ಮೆ. ಮೂರನೆಯ ದಿನ ಹಿಂಗಾಲುಗಳೆರಡೂ ಕಪ್ಪೆಯಂತೆ ಅಕ್ಕಪಕ್ಕಕ್ಕೆ ಹರಿದುಕೊಂಡು, ಮುಂಗಾಲಿನಿಂದ ನೆಲ ಕೆರೆದು ಕೆರೆದು, ಕೊನೆಗೆ ಗದ್ದ ಊರಿ ಮಲಗಿಬಿಟ್ಟಿತು. ಮಲಗಿದಲ್ಲೇ ಮೂತ್ರ ಮಾಡಿಕೊಂಡಿತು. ಆಮೇಲೆ ನಮ್ಮ ಮುಖ ನೋಡಲಿಲ್ಲ. ಹೆಂಡತಿ ಬಟ್ಟೆ ತಂದು ಒರೆಸಿ, ಬಹಳ ಹೊತ್ತು ಅದರ ಪಕ್ಕದಲ್ಲೇ ಕುಳಿತಿದ್ದಳು.

"ನಿಮ್ಮ ಪಂಚಾಯ್ತಿ ಭಾನುವಾರ ಐತಿ. ಇದಕ್ಕ ಅಲ್ಲೀತನಕಾ ಟೈಮ್ ಇಲ್ಲ," ಎಂದಳು.

ನಾನು ನಕಾಶೆ ಬರೆಯಲು ಕುಳಿತೆ. ಹಿರಿಯರಿಗೆ ಟಿಪ್ಪಣಿ ಓದಿ ಹೇಳಿದರೆ ಅರ್ಧ ಕೇಳುತ್ತಾರೆ. ಚಿತ್ರ ತೋರಿಸಿದರೆ ಪೂರ್ತಿ ನೋಡುತ್ತಾರೆ. ಮನೆ, ಓಣಿ, ಅಂಗಡಿ ಎಳೆದು ಮುಗಿಸಿ, ಪುಸ್ತಕ ತೆರೆದು, ಒಂದೊಂದೇ ಬೀಳುವಿಕೆಗೆ ಗುರುತು ಹಾಕುತ್ತ ಹೋದೆ. ಹತ್ತನೆಯ ಗುರುತಿನ ಹೊತ್ತಿಗೆ ನನ್ನ ಕೈ ನಿಧಾನವಾಯಿತು. ಇಪ್ಪತ್ತಮೂರೂ ಮುಗಿದ ಮೇಲೆ ಹಾಳೆಯನ್ನು ಬೆಳಕಿಗೆ ಹಿಡಿದೆ.

ಅಂಗಡಿಯೊಳಗೆ ಒಂದು ಗುರುತೂ ಇರಲಿಲ್ಲ. ಓಣಿಯ ಮಣ್ಣಿನಲ್ಲಿಯೂ ಇರಲಿಲ್ಲ. ಎರಡು ಬಚ್ಚಲಿನ ಕಲ್ಲಿನ ಮೇಲೆ. ಉಳಿದ ಇಪ್ಪತ್ತೊಂದೂ ನಮ್ಮ ಪಡಸಾಲೆಯ ಕಪ್ಪು ಫರಸಿಯ ಮೇಲೆಯೇ ಇದ್ದವು. ಅವುಗಳಲ್ಲಿ ಹೆಚ್ಚಿನವು, ಬೆಳಗಿನ ಬಿಸಿಲು ಬೀಳುವ, ನಾನು ಕುಳಿತು ಎಣ್ಣೆ ತಿಕ್ಕುವ ಜಾಗದ ಸುತ್ತ, ಒಂದರ ಮೇಲೊಂದು ಬಿದ್ದು ಕೆಂಪು ಕಲೆಯಂತಾಗಿದ್ದವು. ದಿನಾಂಕ ನೋಡಿದೆ. ಅಮಾವಾಸ್ಯೆಯ ಮರುದಿನಗಳಲ್ಲಿ ಬಿದ್ದದ್ದು ಹೆಚ್ಚು.

ಮೊದಲು ನಾನು ನಕಾಶೆಯನ್ನೇ ಸಂಶಯಿಸಿದೆ. ಪಟ್ಟಿ ತಂದು ಪಡಸಾಲೆಯನ್ನು ಮತ್ತೆ ಅಳೆದೆ. ಅಳತೆ ಸರಿಯಿತ್ತು. ಆಮೇಲೆ ಚಪ್ಪಲಿ ಬಿಟ್ಟು, ಬೆಳಿಗ್ಗೆ ಎಣ್ಣೆ ತಿಕ್ಕಿದ ಅದೇ ಅಂಗೈಯಿಂದ ನನ್ನ ಅಂಗಾಲು ಸವರಿಕೊಂಡು, ಆ ಜಾಗದಲ್ಲಿ ಎರಡು ಹೆಜ್ಜೆ ಇಟ್ಟೆ. ಎರಡನೆಯ ಹೆಜ್ಜೆಗೆ ಕಾಲು ಜಾರಿ ಕಂಬ ಹಿಡಿದುಕೊಂಡೆ. ಎಪ್ಪತ್ತೆರಡರ ವಯಸ್ಸಿನಲ್ಲಿ ಬಿದ್ದಿದ್ದರೆ ನನ್ನ ಟೊಂಕವೂ ಮುರಿಯುತ್ತಿತ್ತು. ಹೆಂಡತಿ ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡಿದಳು.

"ಜಾರತೈತಿ ಅಂತ ನಾ ಎಷ್ಟ ಸಲ ಹೇಳೀನಿ? ಹೆಂಗಸರ ಮಾತಿಗೆ ನಿಮ್ಮ ಪುಸ್ತಕದಾಗ ಹಾಳಿ ಇಲ್ಲ."

ಅವಳು ಹೇಳಿದ್ದಳು. ವೈದ್ಯೆ ಕೇಳಿದ್ದಳು. ನಾಯಿ ದಿನವೂ ನಡೆದು ತೋರಿಸಿತ್ತು; ಗೋಡೆಯ ಅಂಚು ಹಿಡಿದು ಹೋಗುತ್ತಿದ್ದುದು, ಹೊಸ್ತಿಲ ಬಳಿಯ, ಕಾಲೊರೆಸುವ ಗೋಣಿತಟ್ಟಿನ ಮೇಲೆ ನಿಂತು ಉಸಿರು ಬಿಡುತ್ತಿದ್ದುದು, ಕಡಲೆ ಚೀಲದ ಮೇಲಿಂದ ಎದ್ದದ್ದು. ಸವೆದ ಕೀಲು ಜಾರುವ ನೆಲದ ಮೇಲೆ ಊರಲಾರದೆ ಊರಿ, ಇನ್ನಷ್ಟು ನೊಂದು, ಕೊನೆಗೆ ಊರುವುದನ್ನೇ ಬಿಟ್ಟಿತ್ತು. ಆ ನೆಲಕ್ಕೆ ಎಣ್ಣೆ ಹಾಕಿದವನು ನಾನು, ಅದರ ಪಾದಕ್ಕೂ ಎಣ್ಣೆ ಹಾಕಿದವನು ನಾನು, ಕೊನೆಗೆ ಅದೇ ನೆಲದ ಮೇಲೆ ಕಟ್ಟಿಹಾಕಿದವನೂ ನಾನೇ.

ಹಗ್ಗ ಬಿಚ್ಚಿದೆ. ಆ ಮಧ್ಯಾಹ್ನವೇ ಬಿಸಿನೀರಿಗೆ ಸೋಡಾ ಪುಡಿ ಹಾಕಿ, ತೆಂಗಿನ ನಾರಿನಿಂದ ಪಡಸಾಲೆ ಇಡೀ ತಿಕ್ಕಿದೆ. ಎಷ್ಟೋ ವರ್ಷಗಳ ಹೊಳಪು ಬೂದಿಬಣ್ಣಕ್ಕೆ ಇಳಿಯಿತು. ಮಾರುಕಟ್ಟೆಯಿಂದ ಖಾಲಿ ಗೋಣಿಚೀಲ ತಂದು ಅಂಚಿಗೆ ಅಂಚು ಹೊಲಿಸಿ ಹಾಸಿದೆ. ಹೆಂಡತಿ ತನ್ನ ಹಳೆಯ ಗಜೇಂದ್ರಗಡದ ಕೈಮಗ್ಗದ ಸೀರೆಯನ್ನು ಮಡಚಿ ನಾಯಿಯ ಹೊಟ್ಟೆಯ ಕೆಳಗೆ ಹಾಯಿಸಿದಳು. ಅದರ ಎರಡು ತುದಿ ಹಿಡಿದು ನಾವಿಬ್ಬರೂ ಹಿಂಭಾಗವನ್ನು ಎತ್ತಿ ಹಿಡಿದರೆ, ಮುಂಗಾಲಿನಿಂದ ಅದು ಅಂಗಳದವರೆಗೆ ನಡೆಯಿತು. ಫೋನು ಮಾಡಿದ್ದಕ್ಕೆ ವೈದ್ಯೆ ಸಂಜೆ ಮನೆಗೆ ಬಂದಳು. ಕಪಾಟಿನಲ್ಲಿದ್ದ ಗುಳಿಗೆಗಳನ್ನು ಅವಳ ಮುಂದಿಟ್ಟೆ. ಸೂಜಿಯ ಮಾತು ಎತ್ತುತ್ತಾಳೆಂದು ಹೆಂಡತಿ ಸೆರಗು ಬಿಗಿಹಿಡಿದು ನಿಂತಿದ್ದಳು. ಎತ್ತಲಿಲ್ಲ. ನೋವಿಗೆ ಒಂದು ಇಂಜೆಕ್ಷನ್ ಕೊಟ್ಟು, ಊಟದ ಜೊತೆ ದಿನಕ್ಕೊಂದು ಗುಳಿಗೆ ಎಂದು ಬರೆದು, ಉದ್ದ ಬೆಳೆದ ಉಗುರುಗಳನ್ನೂ ಅಂಗಾಲಿನ ಸಂದಿಯ ಕೂದಲನ್ನೂ ಕತ್ತರಿಸಿದಳು. ಎಣ್ಣೆಯ ವಾಸನೆ ಅವಳಿಗೆ ಬಂದೇ ಬಂದಿರಬೇಕು. ಚೀಲ ಹಾಸಿದ ನೆಲವನ್ನೂ ನೋಡಿದಳು. ನಾನು ಅಂದೇ ಹೇಳಿದ್ದೆನಲ್ಲ ಎನ್ನಬಹುದಾಗಿತ್ತು, ಅನ್ನಲಿಲ್ಲ. ಅಂದವರನ್ನು ನೆನಪಿಟ್ಟುಕೊಳ್ಳುವವನು ಅನ್ನದವರನ್ನೂ ನೆನಪಿಟ್ಟುಕೊಳ್ಳಬೇಕು.

ಹೋಗುವಾಗ ಒಂದು ಮಾತು ಹೇಳಿದಳು. ಚೀಲವಷ್ಟೇ ಸಾಲದು, ಮೂಳೆ ನೆಲಕ್ಕೆ ತಾಗದಷ್ಟು ದಪ್ಪನೆಯ ಹಾಸಿಗೆ ಬೇಕು, ಇಲ್ಲದಿದ್ದರೆ ವಾರದಲ್ಲಿ ಹುಣ್ಣು. ಹೆಂಡತಿ ಗಾದಿ ಅಂಗಡಿಯ ಗೋಡೆಯ ಕಡೆ ನೋಡಿದಳು.

ಮರುದಿನ ಬೆಳಿಗ್ಗೆ ಮಲಗಿದ ನಾಯಿಯನ್ನು ಅಳೆದೆ: ಮೂಗಿನಿಂದ ಬಾಲದ ಬುಡ, ಕಾಲು ಚಾಚಿದಾಗಿನ ಅಗಲ. ಚೀಟಿಯಲ್ಲಿ ಬರೆದುಕೊಂಡು ಪಕ್ಕದ ಅಂಗಡಿಯ ಕಟ್ಟೆಗೆ ಹೋದೆ. ಗಿರಾಕಿಗಳಿಲ್ಲದ ಹೊತ್ತು ನೋಡಿಯೇ ಹೋದೆ, ಅದನ್ನು ಒಪ್ಪಿಕೊಳ್ಳುತ್ತೇನೆ. ಅವನು ಚೀಟಿ ತೆಗೆದುಕೊಂಡು ದೂರ ಹಿಡಿದು ಓದಿದ. ನೀನು ಹೊಡೆದಿಲ್ಲವೆಂಬುದು ಗೊತ್ತಾಯಿತು ಎಂದೆ.

"ನನಗ ಮೊದಲ ಗೊತ್ತಿತ್ರಿ," ಎಂದ. ಚೀಟಿಯನ್ನು ಕಿಸೆಗೆ ಹಾಕಿಕೊಂಡು ಕೇಳಿದ: "ಭಾನುವಾರ ಪಂಚಾಯ್ತಿ ಐತೇನು, ಇಲ್ಲೇನು? ಅಂಗಡಿ ಮುಚ್ಚಬೇಕೋ ಬ್ಯಾಡೋ, ಅದಕ್ಕ ಕೇಳಿದೆ."

ಇಲ್ಲ ಎಂದೆ.

ಎರಡು ದಿನದಲ್ಲಿ ಗಾದಿ ಬಂತು. ಹೆಗಲ ಮೇಲೆ ಹೊತ್ತು ತಾನೇ ತಂದು ನಮ್ಮ ಹೊಸ್ತಿಲ ಒಳಗಿಟ್ಟ. ಗೋಡೆಯ ಜಗಳದ ನಂತರ ಅವನು ನಮ್ಮ ಹೊಸ್ತಿಲು ದಾಟಿದ್ದು ಅದೇ ಮೊದಲು. "ನೀವು ಬರದದ್ದಕ್ಕ ನಾಕ ಬಟ್ಟ ಅಗಲ ಹೆಚ್ಚಿಗಿ ಮಾಡೇನ್ರಿ. ಅಳದ ನೋಡ್ರಿ," ಎಂದು ಹೇಳಿ, ಚಹಾಕ್ಕೂ ನಿಲ್ಲದೆ ಹೋದ. ಅವನು ಹೋದ ಮೇಲೆ ಅಳೆದೆ. ಸರಿಯಾಗಿ ನಾಲ್ಕು ಬೆರಳು. ಉಪಕಾರವೋ ಕುಟುಕೋ ಎಂದು ಅಂದಿನಿಂದ ಯೋಚಿಸುತ್ತಿದ್ದೇನೆ; ಎರಡೂ ಆಗಿದ್ದಿರಬಹುದು.

ನಾಯಿಗೆ ಗಾದಿ ಒಗ್ಗಿತು. ಆರನೆಯ ದಿನ ಸೀರೆಯ ಆಸರೆಯಿಲ್ಲದೆ ಎದ್ದಿತು. ಮೂರು ಸಲ ಕುಸಿದು ನಾಲ್ಕನೆಯ ಸಲಕ್ಕೆ. ನನ್ನ ಮನಸ್ಸು ಮಾತ್ರ ಒಗ್ಗಲಿಲ್ಲ. ನಾಯಿಯ ಗಾದಿ ತಾನೆ ಎಂದು ಒಳಗೆ ಹಳೆಯ, ಗಂಟುಗಟ್ಟಿದ ಹತ್ತಿ, ಚಿಂದಿ ತುಂಬಿರಬಹುದಲ್ಲ? ಹದಿನೆಂಟು ವರ್ಷದ ಸಂಶಯ ಒಂದು ನಕಾಶೆಗೆ ಸಾಯುವುದಿಲ್ಲ. ಒಂದು ಮಧ್ಯಾಹ್ನ ನಾಯಿ ಅಂಗಳದ ಬಿಸಿಲಿನಲ್ಲಿದ್ದಾಗ, ಗಾದಿಯ ಮೂಲೆಯ ನಾಲ್ಕು ಹೊಲಿಗೆ ಬಿಚ್ಚಿ ಬೆರಳು ತೂರಿಸಿದೆ. ಹೊಸ ಹತ್ತಿ. ಬೀಜದ ಚೂರೂ ಇಲ್ಲದ, ನೀಳ ಎಳೆಯ ಹತ್ತಿ. ನಮ್ಮ ಮಗಳ ಮದುವೆಗೆ ಮಾಡಿಸಿದ ಗಾದಿಯಲ್ಲೂ ಅಷ್ಟು ಒಳ್ಳೆಯದು ಇರಲಿಲ್ಲ. ಮತ್ತೆ ಹೊಲಿಯಲು ಹೋದರೆ ನನ್ನ ಕೈಗೆ ದಬ್ಬಣ ನಿಲ್ಲಲಿಲ್ಲ. ಹೆಂಡತಿ ಬಂದು ತನ್ನ ದಾರದಿಂದ ಹೊಲಿದಳು.

ಈಗ ನಾಯಿಯ ರೊಟ್ಟಿಗೆ ತುಪ್ಪವಿಲ್ಲ. ಅದಕ್ಕೂ ನನಗೂ ಇಬ್ಬರಿಗೂ ಅದು ಇನ್ನೂ ಒಪ್ಪಿಗೆಯಾಗಿಲ್ಲ. ಬೆಳಿಗ್ಗೆ ಓಣಿಯ ತುದಿಯವರೆಗೆ ಮಾತ್ರ ಹೋಗಿ ಬರುತ್ತೇವೆ. ಬಾಂದಕಲ್ಲು ಇನ್ನು ಅದರ ಪಾಲಿಗಿಲ್ಲ. ಸವೆದ ಕೀಲು ಮತ್ತೆ ಬೆಳೆಯುವುದಿಲ್ಲವೆಂದು ವೈದ್ಯೆ ಮೊದಲೇ ಹೇಳಿದ್ದಳು. ಗೋಡೆಯೂ ನಾಲ್ಕು ಬೆರಳು ನಮ್ಮ ಕಡೆಗೇ ಇದೆ.

ಹೋದ ವಾರ ಗಾದಿ ಮಾಡುವವನು ತಾನಾಗಿಯೇ ಬಂದ. ಗಾದಿ ತಗ್ಗಾಗಿದೆಯೇನು ನೋಡುತ್ತೇನೆ, ಹತ್ತಿ ಕೂತುಬಿಡುತ್ತದೆ ಎಂದ. ಆ ಹೊತ್ತಿಗೆ ನಾಯಿ ಪಡಸಾಲೆಯ ಚೀಲದ ಮೇಲೆ ಮಲಗಿತ್ತು. ಅವನು ಗಾದಿಯನ್ನು ಅಂಗಳಕ್ಕೆ ಎಳೆದು, ಅಂಚಿನುದ್ದಕ್ಕೂ ಹೆಬ್ಬೆರಳು ಓಡಿಸುತ್ತ ಬಂದು, ಮೂಲೆಯಲ್ಲಿ ನಿಲ್ಲಿಸಿದ.

"ಈ ನಾಕ ಹೊಲಿಗಿ ನಂದಲ್ಲ."

"ನಂದ್ರಿ," ಎಂದಳು ಹೆಂಡತಿ.

"ಹೊಲಿದಿದ್ದು ನಿಮ್ಮದು, ವೈನಿ. ಬಿಚ್ಚಿದ್ದು?"

"ನಾನು," ಎಂದೆ. ಅವನು ನನ್ನ ಮುಖ ನೋಡಿದ. ಚಹಾದ ಅಂಗಡಿಯಲ್ಲಿ ಅವನು ಹೀಗೆ ನೋಡಿರಲಿಲ್ಲ. ಆಮೇಲೆ ಅಂಚಿನ ಹೊಲಿಗೆಯನ್ನೆಲ್ಲ ಒಂದೇ ಎಳೆತಕ್ಕೆ ಬಿಚ್ಚಿ, ಇಡೀ ಹತ್ತಿಯನ್ನು ಚಾಪೆಯ ಮೇಲೆ ನನ್ನ ಕಾಲ ಬಳಿಯೇ ಸುರಿದ. "ಪೂರಾ ನೋಡಿಬಿಡ್ರಿ ಸಾಹೇಬ್ರ," ಎಂದು, ಕೋಲು ತೆಗೆದುಕೊಂಡು ಬಡಿಯಲು ಕುಳಿತ. ನಾನು ನೋಡಲಿಲ್ಲ. ಹತ್ತಿ ಹಾರದಂತೆ ಚಾಪೆಯ ಗಾಳಿಯ ಕಡೆಯ ಅಂಚನ್ನು ಹಿಡಿದುಕೊಂಡು ಕುಳಿತೆ.

ದಪ್, ದಪ್ ಎಂದು ಸದ್ದು ಶುರುವಾದಾಗ ಪಡಸಾಲೆಯಲ್ಲಿ ನಾಯಿ ಕಿವಿ ಎತ್ತಿತು. ಮುಂಗಾಲು ಊರಿತು, ಹಿಂಭಾಗ ಎತ್ತಿತು, ಕುಸಿಯಿತು. ಹೆಂಡತಿ ಸೀರೆ ತರಲು ಹೊರಟಳು. ನಾನು ಬೇಡವೆಂದು ಕೈ ಮಾಡಿದೆ. ಎರಡನೆಯ ಸಲಕ್ಕೆ ಅದು ಎದ್ದು ನಿಂತಿತು. ಚೀಲದಿಂದ ಚೀಲಕ್ಕೆ, ಹೊಸ್ತಿಲಿಗೆ, ಅಂಗಳದ ಮಣ್ಣಿಗೆ ಇಳಿದು, ಕೋಲಿನ ಸದ್ದಿನ ಹತ್ತಿರಕ್ಕೇ ನಡೆದು ಬಂದು, ನಮ್ಮಿಬ್ಬರ ನಡುವೆ ಹತ್ತಿಯ ರಾಶಿಯ ಅಂಚಿನಲ್ಲಿ ಮೈ ಚೆಲ್ಲಿತು. ಅವನು ನಾಯಿಗೆ ತಾಗದಂತೆ ಕೋಲನ್ನು ಇನ್ನೊಂದು ಕೈಗೆ ಬದಲಿಸಿಕೊಂಡು ಬಡಿಯುತ್ತಲೇ ಇದ್ದ.